ಅಕ್ಕ ತಂಗಿ ಮತ್ತು

ಬೇಕರಿಯ ಹಿಂದಿನ ಕೋಣೆ, ಹಿಟ್ಟಿನ ಮೂಟೆಯ ಮೇಲೆ ಕುಳಿತು
ಸೋಮವಾರ, ಮಾರ್ಚ್ ೧೦

ನನ್ನ ಮುದ್ದಿನ ತಂಗೀ,

ಹೇಗಿದ್ದೀಯೇ? ಆ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಕೇಕಿನ ಕ್ರೀಮು ನೆಕ್ಕಿಕೊಂಡೇ ದಿನ ದೂಡುತ್ತೀಯೋ? ಮೊಣಕೈಯ ಸುಟ್ಟ ಗಾಯ ಮಾಯಿತೇ? ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನೆ ‘ಬಿಸಿ ಬ್ರೆಡ್ಡು!’ ಎಂದು ಒಂದೇ ಒಂದು ಸಲ ಕೂಗಿದ್ದಕ್ಕೆ ಎದುರುಮನೆಯ ಮಗು ತೊಟ್ಟಿಲಲ್ಲಿ ಎದ್ದು ಕೂತಿತಂತೆ. ಅಪ್ಪನ ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡಿ ಬೆಳೆದ ಗಂಟಲು ಕಣೇ. ಪಿಸುಗುಟ್ಟುವುದನ್ನು ಇದಕ್ಕೆ ಯಾರೂ ಕಲಿಸಲಿಲ್ಲ.

ನಿನ್ನ ಕಾಗದ ಬಂತು. ‘ನಾನೀಗ ಬೇರೆಯವರ ಒಲೆಯ ಆಳು. ಬೋರ್ಡಿನಿಂದ ಕಂಪನಿ ಅನ್ನೋದನ್ನ ಅಳಿಸಿಬಿಡಕ್ಕ, ಇನ್ನೆಲ್ಲಿಯ ಕಂಪನಿ?’ ಎಂದು ಬರೆದೆಯಲ್ಲ, ಸಿಟ್ಟು ನೆತ್ತಿಗೇರಿತು. ನಾಟಕದ ಪರದೆ ಬರೆದು ಪಳಗಿದ ಕೈಯಿಂದ ‘ಅಕ್ಕ ತಂಗಿ ಮತ್ತು ಕಂಪನಿ’ ಎಂದು ನೀನೇ ಬರೆದ ಬೋರ್ಡು ಅದು! ‘ಆಗಲಿ, ಅಳಿಸಿಯೇ ಬಿಡುತ್ತೇನೆ!’ ಎಂದು ಗಲ್ಲಾಪೆಟ್ಟಿಗೆಗೆ ಗುದ್ದಿ ಪೇಂಟರನನ್ನು ಕರೆಸಿದೆ. ಅವನು ಏಣಿ ಹತ್ತಿ ಕೆರೆಯತೊಡಗಿದ್ದೇ ತಡ, ನಮ್ಮ ಲ್ಯಾಟಿನ್ ಮೇಷ್ಟ್ರು ಬೀದಿಯ ಆ ತುದಿಯಿಂದ ಕೊಡೆ ಬೀಸುತ್ತ ಓಡಿಬಂದರು. ‘ನಿಲ್ಲಿಸಯ್ಯಾ! ಆ ಪದ ಹುಟ್ಟಿದ್ದೇ ಬ್ರೆಡ್ಡಿನಿಂದ!’

ಆಮೇಲೆ ಮೆಟ್ಟಿಲ ಮೇಲೆಯೇ ಪಾಠ ಶುರುವಾಯಿತು. ‘ಲ್ಯಾಟಿನ್‌ನಲ್ಲಿ ಪಾನಿಸ್ ಅಂದ್ರೆ ಬ್ರೆಡ್ಡು, ಕುಮ್ ಅಂದ್ರೆ ಜೊತೆಗೆ. ಜೊತೆಗೆ ಕೂತು ಬ್ರೆಡ್ ತಿನ್ನೋವ್ರು ಕಂಪ್ಯಾನಿಯನ್. ಅಂಥವರ ಗುಂಪೇ ಕಂಪನಿ. ಬಂಡವಾಳ, ಷೇರು, ರುಜು ಎಲ್ಲ ಆಮೇಲೆ ಬಂದ ನೆಂಟರು ಕಣಮ್ಮಾ! ಬ್ರೆಡ್ ಇಡೋ ಕೋಣೆ ಪ್ಯಾಂಟ್ರಿ, ಅದೂ ಇದೇ ವಂಶ.’ ಏಣಿಯ ಮೇಲಿಂದ ಪೇಂಟರು, ‘ಹಂಗಾದ್ರೆ ಪ್ಯಾಂಟೂ ಇವರ ಪೈಕಿನಾ ಸಾರ್?’ ಎಂದ. ‘ಛೆ! ಅದು ಬೇರೆ ಮನೆತನ. ಇಟಲಿಯ ನಾಟಕದ ಹಾಸ್ಯದ ಮುದುಕನೊಬ್ಬನ ಹೆಸರಿಂದ ಬಂದದ್ದು!’ ನನಗೋ ಹೆಮ್ಮೆ ತಡೆಯಲಾಗಲಿಲ್ಲ. ನೋಡಿದೆಯಾ, ಲೋಕದ ಮಾನ ಮುಚ್ಚಿದ್ದೂ ನಮ್ಮ ರಂಗಭೂಮಿಯೇ!

ನಗು ನಿಂತ ಮೇಲೆ ಅಪ್ಪನ ಕಂಪನಿ ಕಣ್ಣಮುಂದೆ ಬಂತು. ಪರದೆ ಬಿದ್ದದ್ದೇ ರಾಜ, ಸೇನಾಪತಿ, ಅವರ ಕೈಯಲ್ಲಿ ಸತ್ತವರು, ಎಲ್ಲರೂ ಬಣ್ಣದ ಮುಖದಲ್ಲೇ ಒಂದೇ ಚಾಪೆಯ ಮೇಲೆ ಕೂತು ಒಂದೇ ಬುಟ್ಟಿಗೆ ಕೈ ಹಾಕುತ್ತಿದ್ದರಲ್ಲ! ಕಂಪನಿ ಎಂದರೆ ಅದೇ ಎಂದು ನಮಗೆ ಲ್ಯಾಟಿನ್ ಇಲ್ಲದೆಯೂ ಗೊತ್ತಿತ್ತು. ಈ ಬೇಕರಿಯಲ್ಲೂ ದಿನದ ಮೊದಲ ಬ್ರೆಡ್ಡನ್ನು ಮಾರದೆ, ನಾವಿಬ್ಬರೂ ಒಲೆಯ ಮುಂದೆ ನಿಂತು, ಬಾಯಿ ಸುಟ್ಟುಕೊಂಡು, ಮುರಿದು ತಿನ್ನುತ್ತಿದ್ದೆವು. ಈಗಲೂ ಎರಡಾಗಿಯೇ ಮುರಿಯುತ್ತೇನೆ. ನಿನ್ನ ಪಾಲನ್ನು ಮೇಷ್ಟ್ರು ತಿನ್ನುತ್ತಾರೆ. ಅವರು ಕಾದಾಡಿದ್ದು ಪದಕ್ಕೋ, ಬೆಳಗಿನ ಆ ತುಂಡಿಗೋ, ಭಗವಂತನೇ ಬಲ್ಲ!

ಹೋಟೆಲಿನವರಿಗೆಲ್ಲ ನನ್ನ ನಮಸ್ಕಾರ ಹೇಳು. ನಿನ್ನ ಕೈ ಬೇಗ ವಾಸಿಯಾಗಲಿ, ನಿನ್ನ ಕೇಕುಗಳು ಕುಸಿಯದೆ ಉಬ್ಬಲಿ.

ಮೂರು ಬೀದಿಗೆ ಕೇಳುವ ಹಾಗೆ ಹರಸುತ್ತಿರುವ,
ನಿನ್ನ ಅಕ್ಕ

ತಾ.ಕ.: ಅಯ್ಯೋ, ಮುಖ್ಯ ಸಂಗತಿಯೇ ಬಿಟ್ಟೆ! ಪಾಠ ಮುಗಿಯುವಷ್ಟರಲ್ಲಿ ಆ ಪುಣ್ಯಾತ್ಮ ಪೇಂಟರು ಕಂಪನಿಯನ್ನು ಪೂರ್ತಿ ಕೆರೆದು ಹಾಕಿದ್ದ. ಈಗ ಬೋರ್ಡಿನಲ್ಲಿ ‘ಅಕ್ಕ ತಂಗಿ ಮತ್ತು’ ಎಂದಷ್ಟೇ ಇದೆ. ಬಂದವರೆಲ್ಲ ತಲೆಯೆತ್ತಿ, ‘ಮತ್ತು ಏನ್ರೀ?’ ಎಂದು ಕೇಳಿ ಜೀವ ತಿನ್ನುತ್ತಿದ್ದಾರೆ. ಅವನೇ ಮತ್ತೆ ಬರೆದುಕೊಡುತ್ತೇನೆಂದ, ನಾನು ಒಪ್ಪಲಿಲ್ಲ. ನಿನ್ನ ಅಕ್ಷರದ ಪಕ್ಕ ಇನ್ನೊಬ್ಬರ ಅಕ್ಷರ ಕೂರುವುದಿಲ್ಲ. ‘ಈ ಒಲೆಯಿಂದ ಕೇಕಿಗೆ ಗಡೀಪಾರು!’ ಎಂದು ಅಂದು ಗಿರಾಕಿಗಳ ಮುಂದೆ ಸಾರಿ ನೀನು ಮುನಿಸಿಕೊಂಡು ಹೋಗುವಂತೆ ಮಾಡಿದ ಮಹಾರಾಜರು, ಅಂದರೆ ನಿನ್ನ ಈ ಅಕ್ಕ, ಆ ಆಜ್ಞೆಯನ್ನು ವಾಪಸು ತೆಗೆದುಕೊಂಡಿದ್ದಾರೆ: ಒಲೆಯ ಕೆಳಗಿನ ಅರ್ಧ ಇನ್ನು ನಿನ್ನ ಕೇಕುಗಳದು. ಬ್ರಶ್ಶನ್ನು ಎಣ್ಣೆಯಲ್ಲಿ ನೆನೆಹಾಕಿದ್ದೇನೆ. ಬಾರೇ. ಏಣಿ ನಾನು ಹಿಡಿದುಕೊಳ್ಳುತ್ತೇನೆ.