ಕೇಳಿದ್ದು ಫೋನಿನಲ್ಲಿ, ಉರಿದದ್ದು ಬಸ್ಸಿನಲ್ಲಿ

ಮಾನ್ಯ ಆರೋಗ್ಯ ಸಂಶೋಧನಾ ನಿರ್ದೇಶಕರೇ,

ನರಳುತ್ತಿರುವ ಹೆಂಗಸರು "ತೊಂದರೆ ಇಲ್ಲ" ಎಂದರೆಂಬ ಒಂದೇ ಕಾರಣಕ್ಕೆ ನೀವು ಅವರ ಚಿಕಿತ್ಸೆಯ ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಿದ್ದೀರಿ. ಇದು ಅನ್ಯಾಯ. ನಮ್ಮ ಸಾವೋ ಸೀಮೆಯವರು ಹೀಗೆ ಮಾಡಿದ್ದರೆ ಕುಚೇಷ್ಟೆ ಎನ್ನುತ್ತಿದ್ದೆ. ನೀವು ರಾಜಧಾನಿ ಹೆಲ್ಸಿಂಕಿಯಿಂದ ಬಂದವರು, ಆದ್ದರಿಂದ ಅಜ್ಞಾನ ಎನ್ನುತ್ತೇನೆ.

ವಿಷಯ ಯೀಸ್ಟ್ ಸೋಂಕಿನದು. ಹೌದು, ಅಲ್ಲಿಯದೇ. ಬ್ರೆಡ್ಡು ಉಬ್ಬಿಸುವ ಯೀಸ್ಟಿನ ಈ ದೂರದ ದಾಯಾದಿ ಹೆಣ್ಣಿನ ಯೋನಿಯಲ್ಲಿ ಬಿಡಾರ ಹೂಡಿ, ಲೋಳೆಯ ಪದರ ಹೊದ್ದು ಮಲಗುತ್ತದೆ. ಔಷಧಕ್ಕೆ ಹೊರಗಿನವು ಸಾಯುತ್ತವೆ. ಹೊದಿಕೆಯೊಳಗಿನವು ಬದುಕಿ, ಸ್ವಲ್ಪ ದಿನದಲ್ಲೇ ಮತ್ತೆ ಸಂಸಾರ ಬೆಳೆಸುತ್ತವೆ. ಅಲ್ಟ್ರಾಸೌಂಡ್ ಅಲೆಗಳಿಂದ ಆ ಹೊದಿಕೆ ಸಡಿಲಿಸಿ, ಅದೇ ಹೊತ್ತಿಗೆ ಔಷಧ ಕೊಟ್ಟರೆ ಅದು ಒಳಗಿಳಿದೀತೇ ಎಂದು ನಮ್ಮೂರ ಆಸ್ಪತ್ರೆಯವರು ನೋಡುತ್ತಿದ್ದರು. ಇದು ರಾಮಬಾಣ ಎಂದು ನಾನು ಹೇಳುವುದಿಲ್ಲ, ನಾನು ಓದಿದ ಕರಪತ್ರಗಳೂ ಹೇಳುವುದಿಲ್ಲ. ಹೌದೋ ಅಲ್ಲವೋ ತಿಳಿಯಲೆಂದೇ ಅಲ್ಲವೇ ಪ್ರಯೋಗ? ಮೀನು ಅರ್ಧ ಬೇಯುವಾಗಲೇ ಒಲೆ ಆರಿಸಿ, "ರುಚಿಯ ಅಗತ್ಯ ಕಂಡುಬಂದಿಲ್ಲ" ಎನ್ನುವ ಅಡುಗೆಯವರನ್ನು ನೀವು ಇಟ್ಟುಕೊಳ್ಳುತ್ತೀರಾ?

ನನ್ನ ಚಿಕ್ಕಮ್ಮ ಹಿಲ್ಕ ಗ್ರಂಥಾಲಯದ ಬಸ್ಸು ಓಡಿಸುತ್ತಾಳೆ. ನಾನು ಓದು ಕಲಿತದ್ದೇ ಆ ಬಸ್ಸಿನಲ್ಲಿ. ಈ ಸೋಂಕು ಅವಳಿಗೂ ಇದೆ. ಪುಸ್ತಕ ಕೊಡಲು ನಿಂತಾಗ ಹೇಗೋ ನಡೆಯುತ್ತದೆ, ಓಡಿಸಲು ಕೂತರೆ ಉರಿ. ಪ್ರಯೋಗದ ಚಿಕಿತ್ಸೆ ಸಿಕ್ಕಷ್ಟು ದಿನ ಹಾಡು ಗುನುಗುತ್ತಾ ಓಡಿಸಿದಳು. ಈಗ ಊರು ಬರುವ ಮೊದಲೇ ಬಸ್ಸು ನಿಲ್ಲಿಸಿ ಮರಗಳ ನಡುವೆ ಅಡ್ಡಾಡುತ್ತಾಳೆ. ಹಿಮ ಬೀಳುವುದರೊಳಗೆ ಕೆಲಸ ಬಿಡುತ್ತೇನೆ ಎನ್ನುತ್ತಿದ್ದಾಳೆ.

ಮೊದಲ ಸುತ್ತಿನ ಚಿಕಿತ್ಸೆ ಮುಗಿದು ಉರಿ ಮರಳಿದ ಮೇಲೆ, ಮುಂದಿನ ಸುತ್ತು ಬೇಕೇ ಎಂದು ತಿಳಿಯಲು ನಿಮ್ಮ ಕಚೇರಿಯವರು ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

"ಈಗ ಹೇಗಿದ್ದೀರಿ?"

"ಏನಿಲ್ಲಪ್ಪ, ನಡೀತಿದೆ."

"ಉರಿ, ತುರಿಕೆ?"

"ಅದೇನ್ ದೊಡ್ಡದಲ್ಲ ಬಿಡಿ. ನಿಮ್ ಕಡೆ ಕಾಡಲ್ಲಿ ಅಣಬೆ ಎದ್ದವಾ ಈ ಸಲ?"

ಹೀಗೆನ್ನುವಾಗ ಅವಳು ಮೇಜಿನ ಅಂಚನ್ನು ಬೆರಳು ಬಿಳಿಚುವಂತೆ ಹಿಡಿದು ನಿಂತಿದ್ದಳು. ಕುರ್ಚಿ ಪಕ್ಕದಲ್ಲೇ ಇತ್ತು.

ಮಾನ್ಯರೇ, ಸಾವೋದವರು ಬಾಯಿ ತೆರೆದರೆ ಅರ್ಥದ ಹೊಣೆ ಕೇಳುವವರದ್ದು. ಇದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಕಾಲು ಮುರಿದವರು ಇಲ್ಲಿ "ಬೂಟು ಸ್ವಲ್ಪ ಬಿಗಿ" ಎನ್ನುತ್ತಾರೆ. ಇಂಥವರನ್ನು ಫೋನಿನಲ್ಲಿ ವಿಚಾರಿಸಿ, ನಮ್ಮ ಸಂಕೋಚವನ್ನೇ ಆರೋಗ್ಯವೆಂದು ಎಣಿಸಿದ ಮಹನೀಯರು ಯಾರು?

ಅದೇ ಸಂಜೆ ನಮ್ಮ ಕಟ್ಟಡದ ಸೌನಾದ ಹಬೆಯಲ್ಲಿ ಎಲ್ಲರೂ ಬಟ್ಟೆ ಕಳಚಿ ಕೂತಿದ್ದಾಗ, ಕಾದ ಕಲ್ಲಿನ ಮೇಲೆ ನೀರು ಬಿದ್ದದ್ದೇ ತಡ, ಚಿಕ್ಕಮ್ಮನ ಬಾಯಿ ಬಿಚ್ಚಿತು.

"ಬೆಂಕಿ ಕಣೇ ಇಲ್ಮಿ! ಈ ಕಲ್ಲಿನ್ ಮೇಲೆ ಕೂತ್ರೂ ಇದಕ್ಕಿಂತ ತಂಪು."

ಪಕ್ಕದ ಮನೆಯ ಐಲಿ ಮೇಲಿನ ಹಲಗೆಯಿಂದ ಕೂಗಿದಳು: "ನಂದೂ ಅದೇ ಗೋಳು ಕಣೇ! ನಂಗೂ ಫೋನ್ ಬಂದಿತ್ತು. ಎಲ್ಲಾ ಚೆನ್ನಾಗಿದೆ ಅಂದೆ."

"ಯಾಕ್ ಹಂಗಂದ್ರಿ ಐಲಿ ಅಕ್ಕ?" ಎಂದೆ ನಾನು.

"ಮತ್ತಿನ್ನೇನ್ ಅನ್ಲಿ? ಗುರುತಿಲ್ಲದೋರ ಹತ್ರ, ಅದೂ ಬಟ್ಟೆ ಹಾಕ್ಕೊಂಡು, ಇಂಥದ್ದೆಲ್ಲ ಮಾತಾಡಕ್ಕೆ ನಾಚ್ಕೆ ಆಗಲ್ವಾ?"

ಸಂಶೋಧನೆ ಎಲ್ಲಿ ನಡೆಯಬೇಕಿತ್ತು ಎಂಬುದು ಈಗಲಾದರೂ ತಿಳಿಯಿತೇ?

ಪ್ರಯೋಗವನ್ನು ನಿಲ್ಲಿಸಿದಲ್ಲಿಂದಲೇ ಮತ್ತೆ ಆರಂಭಿಸಬೇಕು ಎಂಬುದು ನನ್ನ ಆಗ್ರಹ. ಅದಕ್ಕೆ ಮೊದಲು ನೀವು ಖುದ್ದಾಗಿ ಬಂದು ಕೇಳಬೇಕು. ನೀವೂ ಹೆಂಗಸೇ, ಸೌನಾದ ಆ ಹೊತ್ತಿನ ಪಾಳಿಯೂ ಹೆಂಗಸರದೇ, ಅಡ್ಡಿಯೇನು? ಪದವಿಯನ್ನು ಬಟ್ಟೆಯ ಜೊತೆ ಗೂಟಕ್ಕೆ ನೇತುಹಾಕಿ ಒಳಗೆ ಬನ್ನಿ. ಮೇಲಿನ ಹಲಗೆಯಲ್ಲಿ ಜಾಗ ಬಿಡುತ್ತೇವೆ. ಚಿಕ್ಕಮ್ಮ ಒಪ್ಪಿದ್ದಾಳೆ: "ಬರ್ಲಿ, ಹೇಳ್ತೀನಿ. ಬಿಸಿ ತಡೀದೆ ಅವ್ರೇ ಮೊದ್ಲು ಎದ್ದು ಓಡ್ಬಾರ್ದು ಅಷ್ಟೆ." ಬರುವ ಗುರುವಾರ, ಸಂಜೆ ಆರು ಗಂಟೆಗೆ.

ಇಂತಿ,
ಇನ್ನು ಮುಂದೆ ನೆಂಟರೆಲ್ಲ ತನಗೆ ಗುಟ್ಟು ಹೇಳಲು ಹೆದರುವ
ಇಲ್ಮಿ ತರ್ವೈನೆನ್