ಹೆಬ್ಬೆಟ್ಟು ಸಹಿಯಾದರೆ ಪಾದ ಕಲೆಯೇ?

ಯೋಧಸ್ಮೃತಿ ಪ್ರದರ್ಶನ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ತಮ್ಮ ಸಮಿತಿ ಬೆಸಗರಹಳ್ಳಿಯ ಚಿಕ್ಕನಂಜಮ್ಮನವರಿಗೆ ಕಳಿಸಿಕೊಟ್ಟ ಕಾಗದಗಳು ಬಹಳ ಸ್ವಚ್ಛವಾಗಿವೆ. ದಯವಿಟ್ಟು ಅವನ್ನು ವಾಪಸ್ ತೆಗೆದುಕೊಂಡು ಅವರ ಕೊಳಕು ಕಾಗದಗಳನ್ನೇ ಅವರಿಗೆ ಕೊಡಿ. ಇಷ್ಟನ್ನು ಹೇಳಲು ತಮ್ಮ ಕಚೇರಿಯ ಮೆಟ್ಟಿಲು ಹತ್ತಿ ಹತ್ತಿ, ಮಂಡ್ಯದಲ್ಲಿದ್ದೂ ಮಂಡಿ ಇಲ್ಲದವನಾಗಿದ್ದೇನೆ. ಇನ್ನು ಹತ್ತಲಾರೆ. ಆದ್ದರಿಂದ ಊರೆಲ್ಲ ಕೇಳುವಂತೆ ಈ ಬಹಿರಂಗ ಪತ್ರದಲ್ಲಿ ಕೆಳಗಿನಿಂದಲೇ ಕೂಗುತ್ತಿದ್ದೇನೆ.

ಚಿಕ್ಕನಂಜಮ್ಮನವರ ಗಂಡ ಪುಟ್ಟಮಾದಯ್ಯನವರು ಎಪ್ಪತ್ತೊಂದರ ಯುದ್ಧಕಾಲದಲ್ಲಿ ಗಡಿಯಲ್ಲಿದ್ದರು. ನಾನು ಅತ್ತೆ ಎಂದು ಕರೆಯುವ ಈ ಹೆಂಗಸಿಗೆ ಓದು ಬರಹ ಬಾರದು. ಗಂಡನಿಗೆ ಆಕೆ ಹೇಳಿದ್ದನ್ನು ಬರೆದುಕೊಡುತ್ತಿದ್ದವರು ನಮ್ಮಪ್ಪ ಜಲಾಲ್, ಊರಿನ ಸೈಕಲ್ ರಿಪೇರಿಯವರು. ಅಪ್ಪನದು ಬಿಗಿಯಾದ ಕನ್ನಡ. ಅತ್ತೆ, ಎಮ್ಮೆ ಗಬ್ಬವಾದದ್ದರಿಂದ ಹಿಡಿದು ಓರಗಿತ್ತಿಯ ಜಗಳದವರೆಗೆ ಒಂದು ಪುರಾಣ ಹೇಳಿದರೆ, ಅಪ್ಪ "ಇಲ್ಲಿ ಸರ್ವರೂ ಕ್ಷೇಮ" ಎಂದು ಬರೆದು, ಎಮ್ಮೆ, ಓರಗಿತ್ತಿ ಇಬ್ಬರನ್ನೂ ಆ ಸರ್ವರಲ್ಲಿ ಸೇರಿಸಿ ಮುಗಿಸುತ್ತಿದ್ದರು. ಅತ್ತೆಗೆ ಗುಮಾನಿ ಹತ್ತಿತು.

"ಜಲಾಲಣ್ಣ, ನಾನ್ ಅಷ್ಟುದ್ದ ಯೋಳ್ದೆ, ನೀನ್ ಗೇಣುದ್ದ ಗೀಚ್ದೆ. ಇದ್ರಲ್ಲಿ ನಂದು ಅಂತ ಏನಾರ ಇರ್ಬೇಕು ಕಣಣ್ಣ."

ಹಾಗೆಂದವರೇ ಕಂಕುಳಲ್ಲಿದ್ದ ಮಗಳು ಭಾಗ್ಯಲಕ್ಷ್ಮಿಯ ಪುಟ್ಟ ಪಾದಕ್ಕೆ ಸೈಕಲ್ ಚೈನಿನ ಕಪ್ಪು ಗ್ರೀಸು ಬಳಿದು, ಕಾಗದದ ಕೊನೆಗೆ ಒತ್ತಿಬಿಟ್ಟರು. ಅಂದಿನಿಂದ ಅದೇ ರೂಢಿ. ಪ್ರತಿ ಕಾಗದದಲ್ಲೂ ಅಕ್ಷರ ಅಪ್ಪನದು, ಪಾದ ಅತ್ತೆಯದು. ಒಂದು ಕೈಬರಹ, ಇನ್ನೊಂದು ಕಾಲ್ಬರಹ.

ಹುಟ್ಟಿದ ಮಗಳ ಮುಖವನ್ನೇ ನೋಡಿರದ ಪುಟ್ಟಮಾದಯ್ಯನವರು ಆ ಪಾದವನ್ನು ಬೆರಳಿನಲ್ಲಿ ಅಳೆದಳೆದು ಮಗು ಬೆಳೆಯುವುದನ್ನು ಕಂಡರು. ಯುದ್ಧ ಮುಗಿದು ಊರಿಗೆ ಬಂದಾಗ ಟ್ರಂಕಿನಲ್ಲಿ ಕಾಗದಗಳ ಕಟ್ಟಿನ ಜೊತೆ, ಅದೇ ಅಳತೆಯ ಒಂದು ಜೊತೆ ಪುಟಾಣಿ ಚಪ್ಪಲಿಯೂ ಇತ್ತು. ಮಗುವಿನ ಕಾಲು ಅದರಲ್ಲಿ ಹಿಡಿಸಲಿಲ್ಲ. "ನಿನ್ ರಜಾ ಸ್ಯಾಂಕ್ಸನ್ ಆಗೂಗಂಟ ಮಗಿನ್ ಕಾಲು ಸುಮ್ಕೆ ಕುಂತಿದ್ದದಾ?" ಎಂದು ಅತ್ತೆ ಗಂಡನನ್ನು ಬೈದದ್ದನ್ನು ಹೇಳಿಕೊಂಡು ಊರು ಈಗಲೂ ನಗುತ್ತದೆ.

ಈಗ ಬೈಯಲು ಗಂಡನಿಲ್ಲ. ಅವರು ಹೋದ ಮೇಲೆ ಅತ್ತೆ ಆ ಕಾಗದಗಳನ್ನು ಜಗಲಿಯ ಮೇಲೆ ಹರಡಿ, ಚಿಕ್ಕ ಪಾದದಿಂದ ದೊಡ್ಡ ಪಾದಕ್ಕೆ ಸಾಲಾಗಿ ಜೋಡಿಸಿ ನನಗೆ ತೋರಿಸುತ್ತಿದ್ದರು. "ಇದು ಮಗು ಕುಂತ್ಕಂಡಾಗಿಂದು. ಇದು ಎದ್ ನಿಂತಾಗಿಂದು. ಇದ್ರಲ್ಲಿ ನಿಮ್ಮಪ್ಪನ ಕೈಗೆ ಒದ್ಬುಡ್ತು, ಅದ್ಕೇ ಸೊಟ್ಟಗದೆ." ತಾರೀಖು ಬೇಡ, ಕನ್ನಡಕ ಬೇಡ. ಮಾನ್ಯರೇ, ಆಕೆ ಕಾಗದ ಓದುತ್ತಿದ್ದದ್ದು ಹೀಗೆ.

ಆಗ ತಮ್ಮ ಸಮಿತಿ ಬಂತು. ಸೈನಿಕರ ಮನೆಯ ಕಾಗದಗಳ ಪ್ರದರ್ಶನ ಎಂದಿತು. ಅತ್ತೆ ಹಿಗ್ಗಿ ಕಟ್ಟನ್ನೇ ಎತ್ತಿಕೊಟ್ಟರು. ಒಪ್ಪಿಗೆ ಪತ್ರಕ್ಕೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದಿರಿ. ಹಿಂದೆ ಬಂದದ್ದು ಮೂಲ ಕಾಗದಗಳಲ್ಲ, ಫಳಫಳ ಹೊಳೆಯುವ ಪ್ರತಿಗಳು. ಅಕ್ಷರ ಮುತ್ತಿನಂತಿದೆ. ಪಾದ ಒಂದೂ ಇಲ್ಲ. ಅತ್ತೆ ಒಂದು ಹಾಳೆಯನ್ನು ತಲೆಕೆಳಗಾಗಿ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, ನನ್ನ ಕೈಗೆ ಕೊಟ್ಟರು. "ಇವ್ಯಾರ್ ಮನೇವು ಸಾಕೀರಪ್ಪ? ನಮ್ಮವಲ್ಲ. ಪಾಪ, ಅವ್ರು ಉಡುಕ್ತಿರ್ತಾರೆ, ಕೊಟ್ಬುಡು."

ನಾನು ತಮ್ಮ ಕಚೇರಿಗೆ ಓಡಿದೆ. ಅಲ್ಲಿನ ಗುಮಾಸ್ತರು ಸಜ್ಜನರು, ಟೀ ತರಿಸಿದರು.

"ಅದು ಆಯಿಲ್ ಕಲೆ ಸಾರ್. ಕಂಪ್ಯೂಟರ್ ಮುಂದೆ ಕಣ್ಣು ಹೋಗೋ ಹಂಗೆ ಕೂತು ತೆಗ್ದಿದ್ದೀವಿ."

"ಅದು ಪಾದ ಕಣಪ್ಪ."

"ಪಾದ ಅಂತ ಎಲ್ಲೂ ಬರ್ದಿರ್ಲಿಲ್ವಲ್ಲ ಸಾರ್!"

ಬರೆಯಬೇಕಿತ್ತು. ಬರೆಯಲು ಬಾರದ್ದಕ್ಕೇ ಒತ್ತಿದ್ದು ಎಂಬುದನ್ನು ಯಾವ ನಮೂನೆಯಲ್ಲಿ ತುಂಬಿ ತಿಳಿಸಬೇಕಿತ್ತು? ಆ ಕಾಗದಗಳನ್ನು ಯುದ್ಧಕಾಲದಲ್ಲಿ ಸೇನೆಯ ಸೆನ್ಸಾರಿನವರು ಒಡೆದು ನೋಡಿದ್ದರು. ಗೂಢಚಾರರ ನಕ್ಷೆಯೋ ಎಂದು ಅನುಮಾನ ಪಡುವ ಹಕ್ಕು ಅವರಿಗಿತ್ತು. ಆದರೂ ಪಾದದ ಪಕ್ಕದಲ್ಲೇ ಮುದ್ರೆ ಒತ್ತಿ ಮುಂದೆ ಕಳಿಸಿದರು. ಯುದ್ಧದಲ್ಲಿ ಪಾಸಾದ ಪಾದ ಶಾಂತಿಕಾಲದಲ್ಲಿ, ಅದೂ ಮಂಡ್ಯದಲ್ಲಿ, ಫೇಲಾಯಿತಲ್ಲ! ಪ್ರತಿ ಪ್ರತಿಯ ಕೆಳಗೂ ತಾವು ವಿದ್ವತ್ಪೂರ್ಣ ಅಡಿಟಿಪ್ಪಣಿ ಹಾಕಿಸಿದ್ದೀರಿ. ಅಡಿಯನ್ನೇ ಅಳಿಸಿ ಅಡಿಟಿಪ್ಪಣಿ ಹಾಕುವುದು ನಿಜವಾಗಿಯೂ ಒಂದು ಕಲೆ. ಇನ್ನೊಂದು ಸಂದೇಹ. ಅಕ್ಷರ ಬಾರದ ತಾಯಿ ತಮ್ಮ ಸಮಿತಿಯ ಕಾಗದದ ಮೇಲೆ ಒತ್ತಿದ ಬೆರಳು ಕಾನೂನಿಗೆ ಸಹಿ. ಅದೇ ತಾಯಿ ತನ್ನ ಕಾಗದದ ಮೇಲೆ ಒತ್ತಿಸಿದ ಮಗುವಿನ ಪಾದ ಮಾತ್ರ ಹೇಗೆ ಕೊಳೆಯಾಗುತ್ತದೆ?

ಇದು ಮುಗಿದ ಕಥೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ನಗಿಸಿ ನಗಿಸಿ ನನಗೂ ಸುಸ್ತಾಗಿದೆ. ಆದರೆ ತಮ್ಮ ಬೀರುವಿನಲ್ಲಿರುವ ಮೂಲ ಕಾಗದಗಳನ್ನೂ ರಾಸಾಯನಿಕ ಹಾಕಿ "ಶುದ್ಧೀಕರಿಸಿ" ತಾವೇ ಇಟ್ಟುಕೊಳ್ಳುವಿರೆಂದು ಈಗ ತಿಳಿದಿದೆ. ಅದಕ್ಕೆ ಅತ್ತೆಯ ಒಪ್ಪಿಗೆ ಬೇಕಂತೆ. ಕಳೆದ ವಾರ ಗುಮಾಸ್ತರು ಶಾಯಿಪ್ಯಾಡು ಹಿಡಿದು ಬೆಸಗರಹಳ್ಳಿಗೇ ಬಂದಿದ್ದರು.

ಆದ್ದರಿಂದ ನನ್ನ ಬೇಡಿಕೆ: ಆ ಕಾಗದಗಳಿಗೆ ಒಂದು ಹನಿ ನೀರೂ ಸೋಕಿಸಬೇಡಿ. ಗ್ರೀಸು ಸಮೇತ ಪ್ರತಿ ತೆಗೆದು ಪ್ರದರ್ಶನಕ್ಕೆ ಧಾರಾಳವಾಗಿ ಹಾಕಿಕೊಳ್ಳಿ, ಮೂಲವನ್ನು ಇದ್ದಂತೆಯೇ ಆಕೆಯ ಜಗಲಿಗೆ ತಲುಪಿಸಿ. ಅಲ್ಲಿಯವರೆಗೆ ತಮ್ಮ ಕಡತ ಮುಚ್ಚುವುದಿಲ್ಲ. ಏಕೆಂದರೆ ಅತ್ತೆ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡು ಗುಮಾಸ್ತರಿಗೆ ಹೇಳಿದ ಮಾತಿಗೆ ನಾನೇ ಸಾಕ್ಷಿ:

"ಮಗಿನ್ ಕಾಲ್ನ ಬೀರುವಲ್ ಮಡಿಕ್ಕಂಡು ನನ್ ಬೆಟ್ಟು ಕೇಳ್ತೀಯಲ್ಲಪ್ಪ. ಮೊದ್ಲು ಕಾಲ್ ತಕ್ಕಂಬಾ, ಓಗು."

ಇಂತಿ, ತಮ್ಮ ಮೆಟ್ಟಿಲುಗಳ ಹಳೆಯ ಪರಿಚಿತ,
ಗ್ರೀಸು ಕೈಯ ಜಲಾಲರ ಮಗ ಶಾಕಿರ್
ಗುತ್ತಲು, ಮಂಡ್ಯ

ತಮ್ಮ ಕಚೇರಿಗೆ ಕಳಿಸಿರುವ ಪ್ರತಿಯ ಮೂಲೆಯಲ್ಲಿರುವುದು ಕಾಫಿ ಕಲೆ. ಅದನ್ನು ಬೇಕಾದರೆ ತೆಗೆಯಿರಿ.