ಆ ನೂರ ಹತ್ತೊಂಬತ್ತನ್ನು ಬರೆದವಳು

ಗಿರಿಜಕ್ಕಾ,

ನಿಮಗೆ ಕಾಗದ ಬರೀತಿರೋದು ಇದೇ ಮೊದಲು. ನೀವಿದ್ದಾಗ ಫೋನಿತ್ತು, ವಾರಕ್ಕೊಮ್ಮೆ ಮಾತಿತ್ತು, ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಬಸ್ಸಿತ್ತು. ಹೇಳಬೇಕಾದ್ದನ್ನು ಹೇಳೋಕೆ ಇಷ್ಟು ದಾರಿಗಳಿದ್ದವು. ಹೇಳಲಿಲ್ಲ. ನೀವು ಹೋಗಿ ಎಂಟು ತಿಂಗಳಾದ ಮೇಲೆ ಹಾಳೆ ಹಿಡಿದು ಕೂತಿದ್ದೀನಿ. ಸುತ್ತಿ ಬಳಸಿ ಬರೆಯೋಕೆ ಹೋದರೆ ಧೈರ್ಯ ಮತ್ತೆ ಜಾರಿಕೊಳ್ಳುತ್ತೆ, ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಭಾಗ್ಯ ಅನ್ನೋ ಹುಡುಗಿಯ ಎತ್ತರದಲ್ಲಿ ತಪ್ಪಿದ್ದು ನಿಮ್ಮ ಕಣ್ಣಲ್ಲ, ನಾನು.

ನಾನು ಹೊಸ ನರ್ಸಾಗಿ ನಿಮ್ಮ ಕೈಕೆಳಗೆ ಬಂದ ಮೊದಲ ವಾರವೇ ನನ್ನನ್ನು ಒಂದು ಹಳ್ಳಿ ಶಾಲೆಗೆ ಕರ್ಕೊಂಡು ಹೋಗಿದ್ರಿ, ನೆನಪಿದೆಯಾ? ಗೋಡೆಗೆ ಟೇಪು ಅಂಟಿಸಿದ್ರಿ. ಚಪ್ಪಲಿ ಬಿಡಿಸಿದ್ರಿ. ರಿಬ್ಬನ್ನು ಕಟ್ಟಿ ಮೇಲಕ್ಕೆ ಮಡಚಿದ್ದ ಎರಡೂ ಜಡೆಗಳನ್ನು ನೀವೇ ಬಿಚ್ಚಿದ್ರಿ. ಹಿಮ್ಮಡಿ, ಬೆನ್ನು, ತಲೆಯ ಹಿಂಭಾಗ ಗೋಡೆಗೆ ತಾಗಬೇಕು. ತಲೆ ಮೇಲೆ ಹಲಗೆ ತುಂಡು. ಆಮೇಲೆ ನೀವು ನೆಲಕ್ಕೆ ಮಂಡಿಯೂರಿ, ಅಂಕಿಯ ಮಟ್ಟಕ್ಕೆ ಕಣ್ಣು ತಂದು ಓದ್ತಿದ್ರಿ. ನೂರು ಮಕ್ಕಳಿದ್ದರೆ ನೂರು ಸಲ. ಐವತ್ತು ದಾಟಿದ ಹೆಂಗಸು ಹಾಗೆ ಎದ್ದು ಕೂತು ಮಾಡೋದನ್ನು ನೋಡಿ, "ನಿಂತ್ಕೊಂಡೇ ಓದಬಹುದಲ್ಲಾ ಅಕ್ಕಾ" ಅಂದೆ. "ಮ್ಯಾಲಿಂದ ನೋಡಿದ್ರೆ ಎಲ್ಲಾ ಮಕ್ಳೂ ಕುಳ್ಳಗೇ ಕಾಣ್ತವೆ ಕಣೇ" ಅಂದ್ರಿ. ಆವತ್ತು ಸಂಜೆ ನನಗೆ ಮಂಡಿ ನೋವು ಬಂದು ನಿಮ್ಮನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ವಾಪಸು ಬರೋವಾಗ ಬಸ್ ಸ್ಟಾಪಿನಲ್ಲಿ ಕಡ್ಲೆಕಾಯಿ ಬಿಡಿಸ್ತಾ ನೀವು ಹೇಳಿದ ಮಾತು ನನಗೆ ಬಾಯಿಪಾಠ. "ಕೂಸಾಗಿದ್ದಾಗ ತೂಕ ನೋಡೋಕೆ ತಿಂಗ್ಳು ತಿಂಗ್ಳೂ ಕರ್ಕೊಂಡು ಬತ್ತಾರೆ. ವಯಸ್ಸಿಗೆ ಬರೋವಾಗ ಊರೆಲ್ಲಾ ನೋಡ್ತೈತೆ. ಈ ಆರರಿಂದ ಹತ್ತು ಐತಲ್ಲಾ, ಇದನ್ನ ಯಾರೂ ನೋಡಲ್ಲ. ಹಲ್ಲು ಬಿದ್ದು ಹಲ್ಲು ಬತ್ತವೆ, ಕಾಲು ಉದ್ದ ಆಯ್ತವೆ, ಮನೇನ ಬಿಟ್ಟು ಗೆಳತೀರ ಹಿಂದೆ ಓಡ್ತವೆ. ಎಲ್ಲಾ ಸದ್ದಿಲ್ದಂಗೆ. ವರ್ಸಕ್ಕೆ ಐದೋ ಆರೋ ಸೆಂಟಿಮೀಟ್ರು, ಎರಡು ಮೂರು ಕೇಜಿ. ಒಂದ್ಸಲ ಅಳೆದ್ರೆ ಏನೂ ತಿಳಿಯಾಕಿಲ್ಲ. ಹೋದ್ ವರ್ಸದ ಪಕ್ಕ ಇಟ್ಟು ನೋಡು, ಆಗ ತಿಳೀತೈತೆ." ನಾನು ಅದನ್ನು ಕಲಿತೆ ಅಕ್ಕಾ. ಚೆನ್ನಾಗಿಯೇ ಕಲಿತೆ. ಕಲಿತದ್ದನ್ನು ಎಂಥಾ ಕೆಲಸಕ್ಕೆ ಬಳಸಿದೆ ಅಂದರೆ...

ಅದು ಒಂದು ಶನಿವಾರ. ನೀವು ಬೇರೆ ಕಡೆ ಲಸಿಕೆ ಹಾಕೋಕೆ ಹೋಗಿದ್ರಿ, ಭಾಗ್ಯಳ ಶಾಲೆಯನ್ನು ನನ್ನೊಬ್ಬಳಿಗೇ ಬಿಟ್ಟಿದ್ರಿ. ಮೂರನೇ ಕ್ಲಾಸಿನ ತೂಕ ಮುಗಿಯೋ ಹೊತ್ತಿಗೆ ಊಟದ ಗಂಟೆ ಹತ್ತಿರವಾಗಿತ್ತು. ಹೆಡ್ ಮಾಸ್ತರು ಬಾಗಿಲಲ್ಲಿ ನಿಂತು, "ಅಯಿಪೋಯಿಂದಾ ಸಿಸ್ಟರ್?" ಮುಗೀತಾ ಅಂತ ತೆಲುಗಲ್ಲಿ ಎರಡು ಸಲ ಕೇಳಿದ್ರು. ತಪ್ಪನ್ನು ಅವರ ಮೇಲೆ ಹಾಕಲ್ಲ ನಾನು, ಅವರು ಮುಗಿಸಿ ಅನ್ನಲಿಲ್ಲ. ನನಗೆ ಹಿಂದೂಪುರದ ಎರಡು ಗಂಟೆಯ ಬಸ್ಸು ಬೇಕಿತ್ತು, ಅಷ್ಟೇ. ಮನೆಗೆ ಹೋಗಿ ಅಮ್ಮನ ಕೈಯಡುಗೆ ತಿಂದು ಮಲಗಬೇಕಿತ್ತು. ರಿಜಿಸ್ಟರ್ ತೆಗೆದೆ. ಹೋದ ವರ್ಷ ನೀವು ಬರೆದ ಎತ್ತರಗಳಿದ್ದವು. ಒಬ್ಬೊಬ್ಬರಿಗೂ ಐದು ಸೇರಿಸಿದೆ. ಅನುಮಾನ ಬರಬಾರದು ಅಂತ ಕೆಲವರಿಗೆ ಐದೂವರೆ, ಇಬ್ಬರಿಗೆ ಆರು. ಭಾಗ್ಯಳಿಗೆ ನೀವು ಬರೆದಿದ್ದು ನೂರ ಹದಿನಾಲ್ಕು. ನಾನು ನೂರ ಹತ್ತೊಂಬತ್ತು ಅಂತ ಬರೆದೆ. ತೂಕ ಮಾತ್ರ ನಿಜವಾಗಿ ನೋಡಿದ್ದೆ, ಅವಳದ್ದು ಏರಿತ್ತು. ಹುಡುಗಿ ಮೈ ತುಂಬಿಕೊಂಡಿದ್ದಾಳೆ ಅಂತ ಸಮಾಧಾನವೂ ಆಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು.

ಮುಂದಿನ ವರ್ಷ ನನಗೆ ಹಿಂದೂಪುರಕ್ಕೆ ವರ್ಗವಾಗಿತ್ತು. ಪರಿಗಿ ಕಡೆಯ ಶಾಲೆಗಳು ನನ್ನ ಪಾಲಿಗೆ ಬಂದಿದ್ದವು. ಒಂದು ಮಧ್ಯಾಹ್ನ ನಿಮ್ಮ ಫೋನು. ದನಿ ಯಾವತ್ತಿನ ಹಾಗಿರಲಿಲ್ಲ. "ಸುಮಾ, ಒಂದು ಕೇಳ್ತೀನಿ, ನಗಬ್ಯಾಡ. ಬೆಳೆಯೋ ಮಗು ಕುಳ್ಳಗಾಯ್ತದೇನೇ?" ಅಂದ್ರಿ. ನನಗೆ ತಕ್ಷಣ ಹೊಳೆಯಲಿಲ್ಲ. "ಆ ಭಾಗ್ಯ ಐತಲ್ಲಾ, ಅಂಜಿನಮ್ಮನ ಮಗಳು. ನೀನು ಹೋದ್ ವರ್ಸ ನೂರ ಹತ್ತೊಂಬತ್ತು ಬರ್ದಿದೀಯ. ನಾನು ಇವತ್ತು ಮೂರು ಸಲ ಅಳೆದೆ ಕಣೇ. ಮೂರು ಸಲಾನೂ ನೂರ ಹದಿನೈದೇ ಬತ್ತೈತೆ." ಬೇರೆ ಮಕ್ಕಳೆಲ್ಲ ನಿಜವಾಗಿಯೂ ಬೆಳೆದಿದ್ದರು, ಅದಕ್ಕೇ ಅವರ ಸಾಲುಗಳಲ್ಲಿ ನನ್ನ ಸುಳ್ಳು ಮುಚ್ಚಿಹೋಗಿತ್ತು. ಬೆಳೆಯದ ಮಗು ಒಂದೇ, ಅದರ ಸಾಲಿನಲ್ಲಿ ಮಾತ್ರ ಅದು ಎದ್ದು ಕಂಡಿತ್ತು.

ಆಗ ನಾನು ಬಾಯಿ ಬಿಡಬೇಕಿತ್ತು. ಒಂದೇ ವಾಕ್ಯ ಸಾಕಿತ್ತು, "ಅಕ್ಕಾ, ನಾನು ಅಳೆಯಲಿಲ್ಲ" ಅಂತ. ನಾನು ಸುಮ್ಮನಿದ್ದದ್ದನ್ನು ನೀವು ಮರ್ಯಾದೆ ಅಂದುಕೊಂಡ್ರಿ. ದೊಡ್ಡವಳಿಗೆ ತಪ್ಪು ತೋರಿಸೋಕೆ ಹಿಂಜರೀತಿದ್ದಾಳೆ ಅಂದುಕೊಂಡ್ರಿ. ನೀವೇ ನನ್ನ ಪರವಾಗಿ ಮಾತಾಡಿದ್ರಿ. "ಬಿಡು, ನನ್ನ ಎಡಗಣ್ಣಿಗೆ ಪೊರೆ ಬಂದೈತೆ ಅಂತ ಡಾಕ್ಟ್ರು ಹೇಳಿದ್ರು. ನನ್ನ ಕಣ್ಣೇ ಕೆಟ್ಟೋಗೈತೆ. ನಿನ್ನ ಕಣ್ಣು ಎಳೇದು, ನೀನು ತಪ್ಪಾಕಿಲ್ಲ. ರಿಜಿಸ್ಟರ್ನಾಗೆ ಈ ವರ್ಸದ್ ಜಾಗ ಖಾಲಿ ಬಿಟ್ಟಿದೀನಿ, ಇನ್ನೊಬ್ರು ಬಂದು ಅಳೀಲಿ." ನಾನೇನಂದೆ ಗೊತ್ತಾ? "ಆಪರೇಷನ್ ಮಾಡಿಸ್ಕೊಳ್ಳಿ ಅಕ್ಕಾ" ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು ನನ್ನ ಬಾಯಿಂದ.

ಅದಾದ ಮೇಲೆ ನೀವು ಟೇಪು ಹಿಡಿಯಲಿಲ್ಲ. ಆ ಜಾಗ ತುಂಬೋಕೆ ಇನ್ನೊಬ್ಬರೂ ಬರಲಿಲ್ಲ. ಶಾಲೆಗಳಿಗೆ ಎಳೆಯರನ್ನು ಕಳಿಸಿ ನೀವು ಆಸ್ಪತ್ರೆಯಲ್ಲೇ ಔಷಧಿ ಚೀಟಿ ಬರೀತಾ ಕೂತ್ರಿ. ಒಂದು ಸಲ ಕಲ್ಯಾಣದುರ್ಗಕ್ಕೆ ಬಂದಾಗ ನೋಡಿದೆ, ಬರೆದ ಚೀಟಿಯನ್ನು ಪಕ್ಕದವಳಿಗೆ ತೋರಿಸಿ, "ಇದು ಸರಿ ಐತೇನಮ್ಮಾ" ಅಂತ ಕೇಳ್ತಿದ್ರಿ. ಮೂವತ್ತು ವರ್ಷ ಯಾರನ್ನೂ ಕೇಳದ ಹೆಂಗಸು. ನನಗೆ ಊಟ ಬಡಿಸ್ತಾ, "ಕಣ್ಣು ಕೆಟ್ಟ ಮ್ಯಾಲೆ ಗೌರವವಾಗಿ ದೂರ ನಿಲ್ಲಬೇಕು ಕಣೇ" ಅಂದ್ರಿ, ನಕ್ಕಿದ್ರಿ ಕೂಡ. ಆವತ್ತಾದರೂ ಹೇಳಬಹುದಿತ್ತು. ನಾಳೆ ಹೇಳಿದರಾಯ್ತು, ಆಪರೇಷನ್ ಆಗಲಿ, ಆಮೇಲೆ ಎಲ್ಲ ಸರಿಹೋಗುತ್ತೆ ಅಂತ ಮುಂದೆ ಹಾಕಿದೆ. ಆಪರೇಷನ್ನಿಗೆ ಮೊದಲೇ ನಿಮ್ಮ ಎದೆಬಡಿತ ನಿಂತಿತು.

ನಿಮ್ಮ ಶಿವಗಣಾರಾಧನೆಗೆ ಬಂದಿದ್ದೆ. ಮಡಕಶಿರಾ, ಪಾವಗಡ ದಾಟಿ ಬರೋ ತನಕ ಅತ್ತಿರಲಿಲ್ಲ. ನಿಮ್ಮ ಮನೆ ಮುಂದೆ ಶಾಮಿಯಾನ, ನೀವು ಲಸಿಕೆ ಹಾಕಿದ ಮಕ್ಕಳು, ಆ ಮಕ್ಕಳ ಮಕ್ಕಳು, ಅರ್ಧ ಊರೇ ಊಟಕ್ಕೆ ಕೂತಿತ್ತು. ಆ ಸಾಲಿನಲ್ಲಿ ಒಂದು ಹುಡುಗಿ ಸ್ವೆಟರ್ ಹಾಕ್ಕೊಂಡು ಕೂತಿದ್ದಳು. ಆ ಬಿಸಿಲಿನಲ್ಲಿ ಸ್ವೆಟರ್, ಅಕ್ಕಾ. ಮುಖ ಊದಿತ್ತು, ಚರ್ಮ ಒಣಗಿ ಬೆಳ್ಳಗಾಗಿತ್ತು, ಪಾಯಸ ಹಾಕಿದ್ದೂ ತಿಳಿಯದ ಹಾಗೆ ಮಂಕಾಗಿ ನೋಡ್ತಿದ್ದಳು. ಎರಡನೇ ಕ್ಲಾಸೋ ಮೂರನೇದೋ ಇರಬೇಕು ಅಂದುಕೊಂಡು, "ಎಷ್ಟನೇ ಕ್ಲಾಸಮ್ಮಾ" ಅಂದೆ. "ಐದು" ಅಂದಳು. ಪಕ್ಕದಲ್ಲಿದ್ದ ತಾಯಿ ನನ್ನನ್ನು ಗುರುತು ಹಿಡಿದಳು. "ಸಿಸ್ಟರಮ್ಮಾ, ನಾನು ಅಂಜಿನಮ್ಮ. ಇವಳು ನಮ್ಮ ಭಾಗ್ಯ. ಸ್ಕೂಲ್ನಾಗೆ ಎಲ್ರೂ ಪೊಟ್ಟಿ, ಕುಳ್ಳಿ ಅಂತಾರೆ, ಮೇಷ್ಟ್ರು ಸೋಂಬೇರಿ ಅಂತಾರೆ. ಮೊದ್ಲು ಹಿಂಗಿರ್ನಿಲ್ಲ."

ಅಲ್ಲೇ ಎದ್ದು ಹೋಗಿ ನಿಮ್ಮ ಹಿತ್ತಿಲಲ್ಲಿ ನಿಂತು ಅತ್ತೆ. ನಿಮಗಾಗಿ ಅಳ್ತಿದ್ದಾಳೆ ಅಂತ ನಿಮ್ಮ ತಂಗಿ ಬಂದು ಬೆನ್ನು ಸವರಿದರು.

ಮೂರನೇ ದಿನ ತಾಯಿ ಮಗಳನ್ನು ಅನಂತಪುರಕ್ಕೆ ಕರ್ಕೊಂಡು ಹೋದೆ. ರಕ್ತ ಪರೀಕ್ಷೆ ಆಯಿತು. ಕುತ್ತಿಗೆಯಲ್ಲಿರೋ ಥೈರಾಯ್ಡ್ ಗ್ರಂಥಿ ಕೆಲಸ ನಿಲ್ಲಿಸಿದೆ, ಬೆಳಗ್ಗೆ ಖಾಲಿ ಹೊಟ್ಟೇಲಿ ದಿನಕ್ಕೊಂದು ಮಾತ್ರೆ, ಅಷ್ಟೇ ಅಂದ್ರು ಡಾಕ್ಟರು. ಅಷ್ಟೇ ಅಕ್ಕಾ. ಒಂದು ಮಾತ್ರೆ. ಎತ್ತರ ನೂರ ಹದಿನಾರು. ಎಷ್ಟು ದಿನದಿಂದ ಬೆಳವಣಿಗೆ ನಿಂತಿದೆ ಅಂತ ಅವರು ಕೇಳಿದಾಗ, ಎರಡನೇ ಕ್ಲಾಸಿಂದ ಅಂತ ನಾನೇ ಹೇಳಿದೆ. "ಅಂದರೆ ಮೂರು ವರ್ಷ. ಸ್ಕೂಲಲ್ಲಿ ಯಾರೂ ಅಳೆಯಲಿಲ್ವಾ? ಕಳ್ಕೊಂಡಿದ್ದೆಲ್ಲಾ ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ" ಅಂದ್ರು. ಒಬ್ಬರು ಅಳೆದಿದ್ದರು, ಮೂರು ಸಲ, ಮಂಡಿಯೂರಿ.

ವಾಪಸು ಬರೋ ಬಸ್ಸಿನಲ್ಲಿ ಭಾಗ್ಯ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಅಂಜಿನಮ್ಮ ನನ್ನ ಕೈ ಹಿಡಿದು, "ದ್ಯಾವ್ರು ಬಂದಂಗೆ ಬಂದೆ ಕಣಮ್ಮಾ" ಅಂದಳು. ಅದನ್ನು ತಡೆಯೋಕಾಗಲಿಲ್ಲ ನನಗೆ. ಎಲ್ಲವನ್ನೂ ಹೇಳಿಬಿಟ್ಟೆ. ಶನಿವಾರ, ಎರಡು ಗಂಟೆ ಬಸ್ಸು, ನೂರ ಹತ್ತೊಂಬತ್ತು, ನಿಮ್ಮ ಫೋನು. ಅವಳು ಮೆಲ್ಲಗೆ ಕೈ ಬಿಟ್ಟಳು. ಮಗಳನ್ನು ನನ್ನ ಭುಜದಿಂದ ತನ್ನ ತೊಡೆಗೆ ಎಳ್ಕೊಂಡಳು. ಆಮೇಲೆ ಮಾತಾಡಿದಳು.

"ಬರ್ದಿದ್ದಕ್ಕೆ ಬೈಯಾಕಿಲ್ಲ. ಕೆಲ್ಸದಾಗೆ ಎಲ್ರೂ ತಪ್ತಾರೆ, ನಾನೂ ತಪ್ತೀನಿ. ಆ ಯಮ್ಮ ಫೋನ್ ಮಾಡಿ ಕೇಳಿದ್ಮ್ಯಾಗೂ ಸುಮ್ಕಿದ್ಬುಟ್ಯಲ್ಲಾ. ಆವತ್ತು ಹೇಳಿದ್ರೆ ನನ್ ಮಗ್ಳಿಗೆ ಆವತ್ತೇ ಮಾತ್ರೆ ಸಿಗ್ತಿತ್ತು."

ಬಸ್ಸಿಳಿಯೋವಾಗ ಇನ್ನೊಂದು ಮಾತಂದಳು. "ಡಾಕ್ಟ್ರತ್ರ ಹೋಗೋವಾಗ ಜೊತೆಗೆ ಬಾ, ನಂಗೆ ಆ ಊರು ತಿಳಿಯಾಕಿಲ್ಲ. ಆದ್ರೆ ಇನ್ಮ್ಯಾಲೆ ನಮ್ ಹುಡ್ಗೀನ ನೀನು ಅಳೀಬ್ಯಾಡ." ತಲೆಯಾಡಿಸಿದೆ. ನ್ಯಾಯವಾದ ಮಾತು.

ಮಾರನೇ ದಿನವೇ ನಮ್ಮ ಹಳೇ ಆಸ್ಪತ್ರೆಗೆ ಹೋಗಿ ಆ ರಿಜಿಸ್ಟರ್ ತೆಗೆಸಿದೆ. ಆ ಶನಿವಾರ ಬರೆದ ಒಂದೊಂದು ಎತ್ತರಕ್ಕೂ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ಅಳೆದಿಲ್ಲ" ಅಂತ ಬರೆದು ಸಹಿ ಹಾಕಿದೆ. ನೀವು ಖಾಲಿ ಬಿಟ್ಟ ಜಾಗದಲ್ಲಿ ನೂರ ಹದಿನೈದು ಅಂತ ಬರೆದು, ಅಳೆದವರು ಗಿರಿಜಮ್ಮ ಅಂತ ಸೇರಿಸಿದೆ. ಅದನ್ನು ತುಂಬೋಕೆ ನನಗೆ ಹಕ್ಕಿತ್ತೋ ಇಲ್ಲವೋ. ನನಗೆ ಮೆಮೊ ಬಂತು, ತಗೊಂಡೆ. ಹಿಂದೂಪುರದಲ್ಲಿ ಈಗ ಹೊಸ ನರ್ಸುಗಳು ನನ್ನ ಜೊತೆ ಶಾಲೆಗೆ ಬರ್ತಾರೆ. ಅವರಿಗೆ ಈ ಕತೆ ಹೇಳ್ತೀನಿ, ಯಾರೋ ಒಬ್ಬಳು ಹೀಗೆ ಮಾಡಿದ್ದಳು ಅಂತಲ್ಲ, ನಾನು ಮಾಡಿದೆ ಅಂತ. ಕೆಲಸ ಇರೋ ತನಕ ಹಾಗೇ ಹೇಳ್ತೀನಿ. ಹೋದ ತಿಂಗಳು ಒಬ್ಬಳು, "ಆ ಸಿಸ್ಟರಮ್ಮ ನಿಮ್ಮನ್ನ ಕ್ಷಮಿಸಿದ್ರಾ ಮೇಡಂ" ಅಂತ ಕೇಳಿದಳು. ಅವರಿಗೆ ಗೊತ್ತೇ ಆಗಲಿಲ್ಲ ಅಂದೆ.

ನಿಮ್ಮ ಕಣ್ಣಿಗೆ ನಿಜವಾಗಲೂ ಪೊರೆ ಬಂದಿತ್ತಂತೆ, ನಿಮ್ಮ ತಂಗಿ ಹೇಳಿದರು. ಆ ಪೊರೆ ಬಂದ ಕಣ್ಣಲ್ಲೇ ನೀವು ಸರಿಯಾಗಿ ಓದಿದ್ರಿ. ಬದುಕಿದ್ದಾಗ ಇದೊಂದು ಮಾತು ನಿಮ್ಮ ಕಿವಿಗೆ ಬಿದ್ದಿದ್ದರೆ, ಮತ್ತೆ ಟೇಪು ಹಿಡಿದು ಯಾವ ಶಾಲೆಗೆ ಹೊರಡ್ತಿದ್ರೋ.

ನಿನ್ನೆ ಕಲ್ಯಾಣದುರ್ಗಕ್ಕೆ ಹೋಗಿದ್ದೆ. ನಿಮ್ಮ ಜಾಗಕ್ಕೆ ಬಂದಿರೋ ಹೊಸ ನರ್ಸು ಭಾಗ್ಯಳನ್ನು ಗೋಡೆಗೆ ನಿಲ್ಲಿಸಿದಳು. ನಾನು ಹೊರಗೆ ಜಗಲಿ ಮೇಲೆ ಅಂಜಿನಮ್ಮನ ಪಕ್ಕ ಕೂತಿದ್ದೆ. ಸ್ವೆಟರ್ ಇಲ್ಲದೆ ಓಡಿಬಂದ ಹುಡುಗಿ ಅಮ್ಮನ ಕಿವಿಯಲ್ಲಿ ಅಂಕಿ ಹೇಳಿದಳು. ಅಂಜಿನಮ್ಮ ನನ್ನ ಕಡೆ ತಿರುಗಿ, ತಾನಾಗಿಯೇ ನನಗೂ ಹೇಳಿದಳು. ನೂರ ಇಪ್ಪತ್ತೊಂದೂವರೆ.

ಅವಳು ಬೆಳೀತಿದ್ದಾಳೆ ಅಕ್ಕಾ. ಅಳೆದವಳು ನಾನಲ್ಲ, ನೀವು ಧೈರ್ಯವಾಗಿ ನಂಬಬಹುದು.

ನಿಮ್ಮ
ಸುಮ